ಧೂಳು ಹೋಗುವುದು ಎಲ್ಲಿಗೆ?

ಬೆಳಗಾಗೆದ್ದು ಹೊದಿಕೆ ಕೊಡವುವ ಹೊತ್ತಿಗೆ ಶುರುವಾಗುವ ಸೀನು ಹತ್ತೋ ಹದಿನೈದೋ ಆದ ಮೇಲೆಯೇ ನಿಲ್ಲುವುದು. ಎಂಟನೆಯ ತರಗತಿಯ ಹುಡುಗ. ಮೂಗು ಉಜ್ಜಿ ಉಜ್ಜಿ ಕೆಂಪಾಗಿ, ಶಾಲೆಗೆ ಹೊರಡುವ ಮೊದಲೇ ಸುಸ್ತು. ವೈದ್ಯರು ಧೂಳಿನ ಅಲರ್ಜಿ ಎಂದು ಹೇಳಿ, ಉಬ್ಬಸಕ್ಕೆ ತಿರುಗದಂತೆ ನೋಡಿಕೊಳ್ಳಬೇಕೆಂದು ಔಷಧಿ ಬರೆದುಕೊಟ್ಟಿದ್ದಾರೆ. ಪಕ್ಕದ ಮನೆಯವರು ಒಂದು ವ್ಯಾಕ್ಯೂಮ್ ಕ್ಲೀನರ್ ಕೊಂಡುಬಿಡಿ ಎಂದಿದ್ದಾರೆ. ಮನೆಯ ಯಜಮಾನರು ಲೆಕ್ಕ ಹಾಕಿ ನೋಡಿದರು. ಬಾಡಿಗೆ, ಟ್ಯೂಷನ್ ಫೀ, ಹಾಲಿನ ಬಾಬ್ತು ಎಲ್ಲ ಕಳೆದು, ಎರಡು ತಿಂಗಳ ಉಳಿತಾಯ ಸೇರಿಸಿದರೆ 6,000 ರೂಪಾಯಿ. ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಹೆಸರು ಬೇಡ, ಇಂಥ ಮನೆ ಬೀದಿಗೊಂದು ಇದೆ.

ಭಾನುವಾರ ಸಂಜೆ ಮೂವರೂ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಾಲಾಗಿ ಜೋಡಿಸಿದ ಹತ್ತಾರು ಯಂತ್ರಗಳು. ಕೆಲವು ದುಂಡಗೆ, ಕೆಲವು ಉದ್ದಕ್ಕೆ, ಒಂದೆರಡು ತಟ್ಟೆಯಂತೆ ಚಪ್ಪಟೆ.

'ಇದು ನೋಡಿ ಸಾರ್, 1,200 ವ್ಯಾಟ್. ಇದು 1,600. ಮನೆ ದೊಡ್ಡದಾಗಿದ್ರೆ ಇದು ತಗೊಳ್ಳಿ, 2,000 ವ್ಯಾಟ್. ಎಷ್ಟು ವ್ಯಾಟೋ ಅಷ್ಟು ಎಳೆಯುತ್ತೆ.'

ತಾಯಿ ಮೆಲ್ಲಗೆ ಕೇಳುತ್ತಾರೆ: 'ರೀ, ನಮ್ಮ ಮಿಕ್ಸಿ ಎಷ್ಟು ವ್ಯಾಟು?'

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ಅಂಗಡಿಯಲ್ಲಿ ಆ ದಿನ ಯಾರೂ ಕೇಳಿರಲಾರರು. ಮನೆಯ ಮಿಕ್ಸಿ 500ರಿಂದ 750 ವ್ಯಾಟ್. ಒಂದು ಅಶ್ವಶಕ್ತಿಯ ಪಂಪುಸೆಟ್ಟು 746 ವ್ಯಾಟ್. ಅಂದರೆ 1,600 ವ್ಯಾಟಿನ ಧೂಳುಯಂತ್ರ ಎರಡು ಅಶ್ವಶಕ್ತಿಯ ಪಂಪಿಗಿಂತಲೂ ಹೆಚ್ಚು! ಎರಡು ಅಶ್ವಶಕ್ತಿಯಲ್ಲಿ ತೋಟಕ್ಕೆ ನೀರು ಹಾಯಿಸಬಹುದು. ಕಾಲೊರಸಿನ ಮೇಲಿನ ಕೂದಲು ಎತ್ತಲು ಅಷ್ಟೇಕೆ ಬೇಕು?

ಉತ್ತರ ಸರಳ. ಡಬ್ಬದ ಮೇಲೆ ಬರೆದಿರುವ ವ್ಯಾಟ್ ಯಂತ್ರ ಮಾಡುವ ಕೆಲಸವಲ್ಲ, ಅದು ತಿನ್ನುವ ಕೂಳು. ಹೆಚ್ಚು ಉಣ್ಣುವ ಎತ್ತು ಹೆಚ್ಚು ಉಳುತ್ತದೆ ಎಂದು ಯಾವ ರೈತನೂ ನಂಬುವುದಿಲ್ಲ. ತಿಂದ ವಿದ್ಯುತ್ತಿನ ಬಹುಭಾಗ ಶಾಖವಾಗಿ, ಸದ್ದಾಗಿ ಹೊರಗೆ ಹೋಗುತ್ತದೆ. ಹತ್ತು ನಿಮಿಷ ಓಡಿದ ಯಂತ್ರದ ಹಿಂಬದಿಗೆ ಕೈ ಹಿಡಿದರೆ ಬೆಚ್ಚಗಿನ ಗಾಳಿ ತಾಗುವುದು ಇದೇ ಕಾರಣಕ್ಕೆ.

ಯೂರೋಪಿನಲ್ಲಿ ಈ ವ್ಯಾಟ್ ಪೈಪೋಟಿ ಅತಿರೇಕಕ್ಕೆ ಹೋದಾಗ ಅಲ್ಲಿನ ಒಕ್ಕೂಟ ಕಾನೂನನ್ನೇ ತಂದಿತು. 2014ರ ಸೆಪ್ಟೆಂಬರಿನಿಂದ 1,600 ವ್ಯಾಟಿಗೆ ಮಿತಿ; 2017ರ ಸೆಪ್ಟೆಂಬರಿನಿಂದ 900 ವ್ಯಾಟಿಗೆ. ಜೊತೆಗೆ ಸದ್ದು 80 ಡೆಸಿಬೆಲ್ ಮೀರಬಾರದೆಂಬ ಕಟ್ಟಳೆ. ಮನೆಗಳು ಕೊಳಕಾಗಿಬಿಡುತ್ತವೆ ಎಂದು ಕೂಗಾಡಿದವರಿದ್ದರು. ಹಾಗೇನೂ ಆಗಲಿಲ್ಲ. ತಯಾರಕರು ಪಂಖವನ್ನೂ ಮೂತಿಯನ್ನೂ ಗಾಳಿಯ ದಾರಿಯನ್ನೂ ತಿದ್ದಿದರು. ಕಡಿಮೆ ವಿದ್ಯುತ್ತಿನಲ್ಲೇ ಕೆಲಸ ನಡೆಯಿತು.

ನಮ್ಮ ಮನೆಗಳಿಗೆ ಇನ್ನೊಂದು ಲೆಕ್ಕವೂ ಉಂಟು. ಹಳೆಯ ವೈರಿಂಗಿನ ಮನೆಯ ಕೋಣೆಗಳಲ್ಲಿರುವುದು 5 ಅಥವಾ 6 ಆಂಪಿಯರಿನ ಸಣ್ಣ ಸಾಕೆಟ್. 230 ವೋಲ್ಟಿನಲ್ಲಿ 5 ಆಂಪಿಯರ್ ಎಂದರೆ 1,150 ವ್ಯಾಟ್, 6 ಆಂಪಿಯರ್ ಎಂದರೆ 1,380 ವ್ಯಾಟ್. 1,600 ವ್ಯಾಟಿನ ಯಂತ್ರಕ್ಕೆ ಸುಮಾರು 7 ಆಂಪಿಯರ್ ಬೇಕು. ಅಂದರೆ ಗೀಜರಿನ ಅಥವಾ ಫ್ರಿಜ್ಜಿನ ದೊಡ್ಡ ಸಾಕೆಟ್ಟೇ ಗತಿ. ಮಲಗುವ ಕೋಣೆಯ ಹಾಸಿಗೆ ಶುಚಿಮಾಡಲು ಅಡಿಗೆಮನೆಯಿಂದ ಎಕ್ಸ್‌ಟೆನ್ಷನ್ ಎಳೆಯಬೇಕು. ಆ ವೈರು ತೆಳುವಾದದ್ದಾದರೆ ಬಿಸಿಯಾಗಿ ಕರಗುವ ಅಪಾಯ. 1,000 ವ್ಯಾಟಿನ ಆಸುಪಾಸಿನ ಯಂತ್ರಕ್ಕೆ ಈ ಫಜೀತಿಯಿಲ್ಲ. ಕರೆಂಟು ಬಿಲ್ಲಿನ ಚಿಂತೆ ಮಾತ್ರ ಯಾವ ಯಂತ್ರಕ್ಕೂ ಬೇಡ. 1,000 ವ್ಯಾಟಿನದನ್ನು ವಾರಕ್ಕೆರಡು ಸಲ ಇಪ್ಪತ್ತು ನಿಮಿಷದಂತೆ ಓಡಿಸಿದರೆ ತಿಂಗಳಿಗೆ ಮೂರು ಯೂನಿಟ್ಟಿನ ಮಾತು.

ಹೀರುವುದು ಯಾರು?

ಯಂತ್ರ ಧೂಳನ್ನು 'ಎಳೆಯುತ್ತದೆ' ಎನ್ನುವುದು ವಾಡಿಕೆಯ ಮಾತು. ವಿಜ್ಞಾನದ ದೃಷ್ಟಿಯಲ್ಲಿ ಎಳೆಯುವುದೆಂಬುದೇ ಇಲ್ಲ. ಒಳಗಿನ ಪಂಖ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಾವಿರ ಸುತ್ತು ತಿರುಗಿ, ಕೊಳವೆಯ ಒಳಗಿನ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಒಳಗೆ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾತಾವರಣ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತಡದಲ್ಲಿ ಎಲ್ಲವನ್ನೂ ಒತ್ತುತ್ತಿದೆಯಲ್ಲ, ಅದು ಒಳಕ್ಕೆ ನುಗ್ಗುತ್ತದೆ. ನುಗ್ಗುವ ಗಾಳಿ ದಾರಿಯಲ್ಲಿರುವ ಧೂಳನ್ನೂ ಕರೆದೊಯ್ಯುತ್ತದೆ. ಎಳನೀರನ್ನು ಕೊಳವೆಯಲ್ಲಿ ಕುಡಿಯುವಾಗ ನಡೆಯುವುದೂ ಇದೇ.

ಈ ತತ್ತ್ವವನ್ನು ಯಂತ್ರಕ್ಕೆ ಅಳವಡಿಸಿದವರಲ್ಲಿ ಪ್ರಮುಖ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್. 1901ರಲ್ಲಿ ಲಂಡನ್ನಿನಲ್ಲಿ ಧೂಳನ್ನು ಗಾಳಿಯಿಂದ ಊದಿ ತೆಗೆಯುವ ಯಂತ್ರವೊಂದರ ಪ್ರದರ್ಶನವನ್ನು ಆತ ನೋಡಿದ. ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಬಾರದೇಕೆ ಎಂದು ಕೇಳಿದ. ಸಾಧ್ಯವಿಲ್ಲವೆಂಬ ಉತ್ತರ ಬಂತು. ಬೂತ್ ಸುಮ್ಮನಾಗಲಿಲ್ಲ. ಉಪಾಹಾರ ಗೃಹವೊಂದರ ಮೆತ್ತೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಜೋರಾಗಿ ಉಸಿರೆಳೆದುಕೊಂಡ. ಕೆಮ್ಮು ಹತ್ತಿತು, ಕರವಸ್ತ್ರದ ತಳದಲ್ಲಿ ಮಾತ್ರ ಕಪ್ಪು ಧೂಳಿನ ಗುರುತು ಮೂಡಿತ್ತು. ಆತ ಕಟ್ಟಿದ ಮೊದಲ ಯಂತ್ರವನ್ನು ಕುದುರೆಗಾಡಿಯ ಮೇಲೆ ಒಯ್ಯಬೇಕಾಗಿತ್ತು. ಗಾಡಿ ಬೀದಿಯಲ್ಲಿ ನಿಲ್ಲುವುದು, ಉದ್ದನೆಯ ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಕ್ಕೆ ಹೋಗುವುದು! 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿಮಾಡಿದ್ದು ಇದೇ ಯಂತ್ರ.

ಹೊರಗಿನ ಗಾಳಿ ಎಷ್ಟು ಬಲವಾಗಿ ತಳ್ಳುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಅಳೆಯಬಹುದು. ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಕೊಳವೆ ಗೊತ್ತಲ್ಲ? ಅದು ಐದಾರು ಮೀಟರ್ ಸಾಕು. ಕೊಳವೆಯ ಒಂದು ತುದಿಯನ್ನು ಅಂಗಳದಲ್ಲಿಟ್ಟ ಬಕೆಟ್ಟಿನ ಬಣ್ಣದ ನೀರಿನಲ್ಲಿ ಅದ್ದಿ, ಇನ್ನೊಂದು ತುದಿಯನ್ನು ಮೊದಲ ಮಹಡಿಯ ಬಾಲ್ಕನಿಗೆ ಒಯ್ದು, ಯಂತ್ರದ ಕೊಳವೆಯ ಬಾಯಿಗೆ ಸೇರಿಸಿ, ಸಂದುಗಳಿಗೆ ಬಟ್ಟೆ ತುರುಕಿ, ಟೇಪು ಸುತ್ತಿ ಗಾಳಿಯಾಡದಂತೆ ಮಾಡಬೇಕು. ದೊಡ್ಡವರು ಜೊತೆಗಿರಲಿ. ಸ್ವಿಚ್ ಹಾಕಿದೊಡನೆ ನೀರು ಸರ್ರನೆ ಮೇಲೇರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ ಕೂಡಲೇ ಸ್ವಿಚ್ ಆರಿಸಿ. ಐದಾರು ಸೆಕೆಂಡಿಗಿಂತ ಹೆಚ್ಚು ಬೇಡ. ಏಕೆಂದರೆ ಇಂಥ ಯಂತ್ರಗಳ ಮೋಟಾರು ತಣ್ಣಗಿರುವುದು ಒಳಗೆ ಹಾಯುವ ಗಾಳಿಯಿಂದಲೇ. ಬಾಲ್ಕನಿಯ ತುದಿ ನೆಲದಿಂದ ಮೂರೂವರೆ ಮೀಟರಿಗಿಂತ ಎತ್ತರದಲ್ಲಿರಬೇಕು, ಇಲ್ಲವಾದರೆ ನೀರು ಮೋಟಾರಿಗೆ ಹೋದೀತು.

ಮನೆಬಳಕೆಯ ಸಾಧಾರಣ ಯಂತ್ರ ನೀರನ್ನು ಸುಮಾರು ಎರಡು ಮೀಟರ್ ಏರಿಸುತ್ತದೆ. ಎರಡು ಮೀಟರ್ ನೀರೆಂದರೆ ಸುಮಾರು 20 ಕಿಲೋಪಾಸ್ಕಲ್. ವಾತಾವರಣದ ಪೂರ್ತಿ ಒತ್ತಡ 101 ಕಿಲೋಪಾಸ್ಕಲ್. ಹೆಸರಿನಲ್ಲಿ 'ವ್ಯಾಕ್ಯೂಮ್' ಇದ್ದರೂ ಒಳಗೆ ನಿರ್ವಾತ ಉಂಟಾಗುವುದು ಐದನೆಯ ಒಂದು ಪಾಲು ಮಾತ್ರ! ಪೂರ್ತಿ ನಿರ್ವಾತ ಸಾಧಿಸಿದರೂ ನೀರು ಹತ್ತು ಮೀಟರಿಗಿಂತ ಸ್ವಲ್ಪವಷ್ಟೇ ಹೆಚ್ಚು ಏರುತ್ತದೆ. ಮೇಲೆ ಕೂತು ನೀರೆಳೆಯುವ ಪಂಪುಗಳು ಆಳದ ಬಾವಿಯಲ್ಲಿ ಸೋಲುವುದು ಈ ಕಾರಣಕ್ಕೆ. 1643ರಲ್ಲಿ ಟಾರಿಸೆಲ್ಲಿ ಪಾದರಸದ ಕೊಳವೆಯಿಂದ ತೋರಿಸಿಕೊಟ್ಟದ್ದು ಇದನ್ನೇ. ಒಂದು ಸ್ವಾರಸ್ಯವನ್ನೂ ಇಲ್ಲಿ ಹೇಳಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಅಲ್ಲಿ ಹತ್ತರಲ್ಲೊಂದು ಪಾಲು ಕಡಿಮೆ. ಅದೇ ಯಂತ್ರ ಮಂಗಳೂರಿನಲ್ಲಿ ನೀರನ್ನು ತುಸು ಹೆಚ್ಚೇ ಏರಿಸುತ್ತದೆ.

ಪ್ರಯೋಗ ಮಾಡುವಾಗ ಕಿವಿಯೂ ತೆರೆದಿರಲಿ. ಬಾಯಿ ಮುಚ್ಚಿದಾಗ ಯಂತ್ರದ ಸದ್ದು ಕೀರಲಾಗುತ್ತದೆ. ಪಾಪ, ಕಷ್ಟಪಡುತ್ತಿದೆ ಎಂದು ಎಲ್ಲರೂ ಭಾವಿಸುತ್ತಾರೆ. ನಿಜ ಅದಕ್ಕೆ ವಿರುದ್ಧ: ತಳ್ಳಲು ಗಾಳಿಯಿಲ್ಲದೆ ಪಂಖದ ಹೊರೆ ಇಳಿದು, ಅದು ಇನ್ನೂ ವೇಗವಾಗಿ ತಿರುಗುತ್ತದೆ, ತಿನ್ನುವ ವಿದ್ಯುತ್ತೂ ಕಡಿಮೆಯಾಗುತ್ತದೆ.

ಹಾಗಾದರೆ ಹೆಚ್ಚು ಕಿಲೋಪಾಸ್ಕಲ್ ಇರುವ ಯಂತ್ರ ಕೊಂಡರೆ ಆಯಿತೇ? ಅದೂ ಅರ್ಧಸತ್ಯ. ಮೇಜಿನ ಪಂಖ ಬೇಕಾದಷ್ಟು ಗಾಳಿ ಸಾಗಿಸುತ್ತದೆ. ಒತ್ತಡವಿಲ್ಲ, ಗಂಬಳಿಯೊಳಗಿನ ಮರಳು ಅಲುಗದು. ಎಳನೀರಿನ ಕೊಳವೆಯಲ್ಲಿ ಬಾಯಿಂದ ಒತ್ತಡದ ವ್ಯತ್ಯಾಸ ತರಬಹುದು, ಗಾಳಿಯ ಹರಿವಿಲ್ಲ. ಕಸ ಸಾಗಲು ಎರಡೂ ಕೂಡಿರಬೇಕು. ಪಾಸ್ಕಲಿನಲ್ಲಿ ಒತ್ತಡವನ್ನೂ, ಸೆಕೆಂಡಿಗೆ ಇಷ್ಟು ಘನಮೀಟರ್ ಎಂದು ಹರಿವನ್ನೂ ಗುಣಿಸಿದರೆ ಬರುವುದು ಗಾಳಿಯ ವ್ಯಾಟ್. ಉದಾಹರಣೆಗೆ ಕೆಲಸ ಮಾಡುವಾಗ 10,000 ಪಾಸ್ಕಲ್ ಒತ್ತಡದಲ್ಲಿ ಸೆಕೆಂಡಿಗೆ 15 ಲೀಟರ್, ಅಂದರೆ 0.015 ಘನಮೀಟರ್ ಗಾಳಿ ಹಾದರೆ 150 ವ್ಯಾಟ್. 1,000 ವ್ಯಾಟ್ ತಿಂದು 150 ವ್ಯಾಟಿನ ಕೆಲಸ. ಕೆಲವು ಡಬ್ಬಗಳ ಮೇಲೆ ಈ ಅಂಕಿಯನ್ನು ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಎರಡು ಯಂತ್ರಗಳನ್ನು ಹೋಲಿಸಬೇಕಾದರೆ ನೋಡಬೇಕಾದದ್ದು ಅದು. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಕೈಪಿಡಿ ತೆರೆಸಿ ನೋಡಲು ಸಂಕೋಚ ಬೇಡ.

ಹಿಂಬದಿಯ ಕಥೆ

ಇಷ್ಟೆಲ್ಲ ಮುಂಬದಿಯ ಮಾತಾಯಿತು. ಸೀನುವ ಮಗುವಿರುವ ಮನೆಗೆ ಮುಖ್ಯವಾದದ್ದು ಹಿಂಬದಿ. ಒಳಗೆ ಹೋದ ಗಾಳಿ ಎಲ್ಲಿಂದಲೋ ಹೊರಗೆ ಬರಲೇಬೇಕಲ್ಲವೆ? ಅದರೊಡನೆ ಏನೇನು ಹೊರಬರುತ್ತದೆ?

ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಯಂತ್ರ ಮನೆಮನೆಗೆ ಬಂದದ್ದೇ ಒಬ್ಬ ಉಬ್ಬಸರೋಗಿಯಿಂದ ಎಂಬುದು ಇಲ್ಲಿ ನೆನಪಾಗುತ್ತದೆ. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರನಿಗೆ ಗುಡಿಸುವಾಗ ಏಳುವ ಧೂಳಿನಿಂದ ಉಬ್ಬಸ ಕೆರಳುತ್ತಿತ್ತು. ಆತ ಪಂಖದ ಮೋಟಾರಿಗೆ ಡಬ್ಬವೊಂದನ್ನು ಕಟ್ಟಿ, ಪೊರಕೆಯ ಹಿಡಿ ಜೋಡಿಸಿ, ಹಿಂದೆ ಧೂಳಿನ ಚೀಲವಾಗಿ ದಿಂಬಿನ ಗವಸು ತೂಗುಹಾಕಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರನ ಹೆಸರು ಮುಂದೆ ಲೋಕಪ್ರಸಿದ್ಧವಾಯಿತು. ಆದರೆ ದಿಂಬಿನ ಗವಸಿನ ಎಳೆಗಳ ನಡುವಿನ ಸಂದು ಎಷ್ಟು ದೊಡ್ಡದು! ಮರಳು, ಕೂದಲು ನಿಲ್ಲುತ್ತವೆ. ಎಲ್ಲಕ್ಕಿಂತ ನವುರಾದ ಧೂಳು ಸಲೀಸಾಗಿ ಹಾದು, ಪಂಖದ ವೇಗದಲ್ಲಿ ಕೋಣೆಯ ತುಂಬ ಹರಡುತ್ತದೆ. ಇಂದಿಗೂ ಬರಿಯ ಬಟ್ಟೆಯ ಚೀಲವನ್ನೇ ನೆಚ್ಚಿಕೊಂಡ ಅಗ್ಗದ ಯಂತ್ರಗಳ ಕಥೆ ಅಷ್ಟೇ.

ಈ ನವುರು ಧೂಳನ್ನು ಹಗುರವಾಗಿ ಕಾಣುವಂತಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಕಾಲ ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, 1979ರಲ್ಲಿ ಶೇಕಡಾ 9ರಷ್ಟು ಮಕ್ಕಳಲ್ಲಿದ್ದ ಆಸ್ತಮಾ 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು. ವಾಹನಗಳ ಹೊಗೆಯೇ ಮೊದಲಾಗಿ ಇದಕ್ಕೆ ಕಾರಣಗಳು ಹಲವು. ಮನೆಯೊಳಗಿನ ಕಾರಣಗಳಲ್ಲಿ ಮುಖ್ಯವಾದದ್ದು ಧೂಳಿನ ನುಸಿ. ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಉದ್ದದ, ಬರಿಗಣ್ಣಿಗೆ ಕಾಣದಂಥ, ಎಂಟು ಕಾಲಿನ ಜೀವಿ. ಉದುರಿದ ನಮ್ಮ ಚರ್ಮದ ಹೊಟ್ಟು ಅದರ ಆಹಾರ. ದಿಂಬು, ಹಾಸಿಗೆ, ಕೌದಿ ಅದರ ಮನೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಒಂದೊಂದು ಹಿಕ್ಕೆಯ ಕಣ 10ರಿಂದ 40 ಮೈಕ್ರಾನ್. ಹೊದಿಕೆ ಕೊಡವಿದಾಗ ಗಾಳಿಗೇರಿ, ಅರ್ಧ ಗಂಟೆಯೊಳಗೆ ಬಹುಮಟ್ಟಿಗೆ ಕೆಳಗಿಳಿಯುತ್ತದೆ. ಆ ಅರ್ಧ ಗಂಟೆಯೇ ಹುಡುಗನ ಸೀನಿನ ಹೊತ್ತು.

ಇಂಥವನ್ನು ತಡೆಯಲು ಬಂದದ್ದು 'ಹೆಪಾ' ಸೋಸುಕ. ಇದರ ಮೂಲ ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಪರಮಾಣು ಬಾಂಬ್ ಯೋಜನೆಯಲ್ಲಿದೆ. ವಿಕಿರಣಶೀಲ ಧೂಳು ಉಸಿರಿಗೆ ಸೇರದಿರಲೆಂದು ಮಾಡಿದ್ದು. 0.3 ಮೈಕ್ರಾನಿನ ಕಣಗಳು ಹತ್ತು ಸಾವಿರ ಬಂದರೆ ಅದು ಬಿಡುವುದು ಮೂರನ್ನು ಮಾತ್ರ. ಆದರೆ ಜಾಹೀರಾತಿನ ಭಾಷೆಯನ್ನು ಕಣ್ಣಿಟ್ಟು ಓದಬೇಕು. 'ಹೆಪಾ ಮಾದರಿಯ', 'ಹೆಪಾದಂಥ' ಎಂದಿದ್ದರೆ ಅದು ಹೆಪಾ ಅಲ್ಲ. ನಿಜವಾದ ಸೋಸುಕವೇ ಇದ್ದರೂ ಅದರ ಸುತ್ತಲಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಗಾಳಿ ಸಂದಿನಿಂದ ನುಸುಳುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಪರೀಕ್ಷಿಸುವುದು ಹೇಗೆ? 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಮನೆಬಾಗಿಲಿಗೆ ಮಾರಾಟಗಾರರನ್ನು ಕಳುಹಿಸಿ ಈ ಯಂತ್ರವನ್ನು ನಮ್ಮ ಮಧ್ಯಮ ವರ್ಗಕ್ಕೆ ಪರಿಚಯಿಸಿದ ಕಾಲದಿಂದಲೂ ಒಂದು ಪ್ರದರ್ಶನ ಅನೇಕರಿಗೆ ಗೊತ್ತು. ಕೊಳವೆಯ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ಹಾಸಿಗೆಯ ಮೇಲೆ ಆಡಿಸಿದರೆ ಬಟ್ಟೆಯ ಮೇಲೆ ಬೂದುಬಣ್ಣದ ಧೂಳಿನ ಬಿಲ್ಲೆ ಮೂಡುತ್ತದೆ. ಗೃಹಿಣಿ ಬೆಚ್ಚಿಬೀಳುತ್ತಾಳೆ. ಅದು ಸುಳ್ಳಲ್ಲ, ಆದರೆ ಯಾವ ಹಾಸಿಗೆಯಿಂದ ಯಾವ ಯಂತ್ರವಾದರೂ ಅಷ್ಟು ಧೂಳು ತೆಗೆದೀತು. ಹಾಸಿಗೆ ಕೊಳೆಯಾಗಿದೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ಈ ಯಂತ್ರ ಒಳ್ಳೆಯದೆಂಬುದಕ್ಕಲ್ಲ. ಕೊಳ್ಳುವವರು ಮಾಡಬೇಕಾದ್ದು ಅದೇ ಪರೀಕ್ಷೆಯನ್ನು ತಿರುವುಮುರುವಾಗಿ. ಒದ್ದೆಮಾಡಿ ಹಿಂಡಿದ ಬಿಳಿ ಕರವಸ್ತ್ರವನ್ನು ಯಂತ್ರದ ಹಿಂಬದಿಯ ಕಿಂಡಿಗೆ, ಗಾಳಿ ಪೂರ್ತಿ ಕಟ್ಟದಂತೆ, ಎರಡು ಬೆರಳು ದೂರದಲ್ಲಿ ಹಿಡಿಯುವುದು. ಅಂಗಡಿಯ ಕಾಲೊರಸನ್ನು ಎರಡು ನಿಮಿಷ ಶುಚಿಮಾಡಿಸುವುದು. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಆ ಯಂತ್ರ ಬೇಡ. ಸೀನುವ ಮಗುವಿನ ಮನೆಗಂತೂ ಬೇಡವೇ ಬೇಡ.

ಮನೆಗೆ ತಂದ ಮೇಲೆ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಸಾಧ್ಯ. ರಾತ್ರಿ ದೀಪವಾರಿಸಿ, ಹಿಂಬದಿಯ ಗಾಳಿಗೆ ಅಡ್ಡಲಾಗಿ ಟಾರ್ಚು ಹಿಡಿದು, ಪಕ್ಕದಿಂದ ನೋಡಬೇಕು. ಇನ್ನೊಬ್ಬರು ಒಂದು ಚಿಟಿಕೆ ಟಾಲ್ಕಂ ಪೌಡರನ್ನು ಹೀರಿಸಲಿ. ಬೆಳಕಿನ ಕೋಲಿನಲ್ಲಿ ಹೊಗೆಯಂತೆ ಕಣಗಳು ಮಿನುಗಿದರೆ ಸೋಸುಕ ಸೋರುತ್ತಿದೆ ಎಂದರ್ಥ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಟಿಂಡಲ್ ಪರಿಣಾಮ ಇದೇ. ಜಾನ್ ಟಿಂಡಲ್ 1870ರಲ್ಲಿ ಲಂಡನ್ನಿನಲ್ಲಿ ಧೂಳು ಮತ್ತು ರೋಗದ ಬಗ್ಗೆ ಉಪನ್ಯಾಸ ಕೊಟ್ಟಾಗ, ಶುಭ್ರವೆಂದು ಜನ ನಂಬಿದ್ದ ಗಾಳಿಯಲ್ಲಿ ಎಷ್ಟು ಕಸ ತೇಲುತ್ತಿದೆ ಎಂಬುದನ್ನು ಬೆಳಕಿನ ಕಿರಣ ಹಾಯಿಸಿಯೇ ತೋರಿಸಿದ್ದ.

ಪೊರಕೆಯನ್ನು ಎಸೆಯಬೇಡಿ

ಈ ಯಂತ್ರ ಹುಟ್ಟಿದ್ದು ಗೋಡೆಯಿಂದ ಗೋಡೆಗೆ ಗಂಬಳಿ ಹಾಸುವ ದೇಶಗಳಲ್ಲಿ. ಕಾವಿನೆಲ, ಮೊಸಾಯಿಕ್, ಟೈಲ್ಸ್, ಕಡಪ ಕಲ್ಲಿನ ನಮ್ಮ ನೆಲಕ್ಕೆ ಒದ್ದೆಬಟ್ಟೆಗಿಂತ ಒಳ್ಳೆಯ ಧೂಳು ಸಾಧನ ಇಲ್ಲ. ಅದು ಧೂಳನ್ನು ಎಬ್ಬಿಸದೆ ಅಂಟಿಸಿಕೊಳ್ಳುತ್ತದೆ. ಹುಲ್ಲಿನ ಪೊರಕೆ ದಪ್ಪ ಕಸವನ್ನು ಚೆನ್ನಾಗಿ ಗುಡಿಸುತ್ತದೆ, ನವುರು ಧೂಳನ್ನು ಎಬ್ಬಿಸುತ್ತದೆ. ಆದ್ದರಿಂದ ದಿನದ ನೆಲಕ್ಕೆ ಪೊರಕೆ, ಒದ್ದೆಬಟ್ಟೆ ಇರಲಿ. ಯಂತ್ರಕ್ಕೆ ಮೀಸಲಿಡಬೇಕಾದ ಕೆಲಸ ಬೇರೆ: ಹಾಸಿಗೆ, ದಿಂಬು, ಸೋಫಾ, ಜಮಖಾನೆ, ಪುಸ್ತಕದ ಕಪಾಟು, ಸೊಳ್ಳೆಪರದೆಯ ಕಿಟಕಿ, ಮೂಲೆಯ ಜೇಡರ ಬಲೆ. ಹೀಗೆ ನೋಡಿದರೆ ದೊಡ್ಡ ಯಂತ್ರ ಬೇಕಾಗಿಯೇ ಇಲ್ಲ. ಉದ್ದನೆಯ ಕೊಳವೆ, ಸಂದಿಗೆ ಹೋಗುವ ಚಪ್ಪಟೆ ಮೂತಿ, ಬಟ್ಟೆಯನ್ನು ಕಚ್ಚಿಕೊಳ್ಳದ ಸಣ್ಣ ಮೂತಿ ಇವು ಮೂರು ಇದ್ದರೆ ಬೇಕಾದಷ್ಟಾಯಿತು. ಹನ್ನೆರಡು ಬಗೆಯ ಮೂತಿ ಕೊಡುತ್ತೇವೆ ಎನ್ನುವವರ ಒಂಬತ್ತು ಮೂತಿ ಅಟ್ಟ ಸೇರುತ್ತವೆ.

ತಟ್ಟೆಯಂತೆ ತಾನೇ ಓಡಾಡುವ ಯಂತ್ರ 6,000 ರೂಪಾಯಿಯ ಮನೆಯ ಮಾತಲ್ಲ. ಅದೂ ಅಲ್ಲದೆ ನಮ್ಮ ಹಳೆಯ ಮನೆಗಳ ಹೊಸ್ತಿಲು ದಾಟಲು ಅದಕ್ಕೆ ಆಗದು. ತಂತಿಯಿಲ್ಲದ ಕೋಲು ಯಂತ್ರ ಕೈಗೆ ಹಗುರ, ಆದರೆ ಕೆಲವು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ, ಹೊಸದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನೀರನ್ನೂ ಹೀರುವ ಡ್ರಮ್ಮಿನಂಥ ಯಂತ್ರ ಮಳೆನೀರು ನುಗ್ಗುವ ಮನೆಗಳಿಗೆ ಉಪಯುಕ್ತ. ಭಾರ ಹೆಚ್ಚು, ಸದ್ದೂ ಹೆಚ್ಚು. ಪರೀಕ್ಷೆಯ ತಿಂಗಳಲ್ಲಿ ಮಕ್ಕಳ ಶಾಪ ಗ್ಯಾರಂಟಿ. ಒಣಕಸದ ಯಂತ್ರವನ್ನು ಒದ್ದೆ ನೆಲದ ಮೇಲೆ ಮಾತ್ರ ಎಂದೂ ಓಡಿಸಬಾರದು.

ಉಳಿದ ಪ್ರಶ್ನೆ ಚೀಲವೋ, ಚೀಲವಿಲ್ಲದ್ದೋ. ಚೀಲವಿಲ್ಲದ ಯಂತ್ರದಲ್ಲಿ ಗಾಳಿ ಸುಳಿಸುಳಿಯಾಗಿ ಸುತ್ತಿ, ಕೇಂದ್ರಾಪಗಾಮಿ ಬಲದಿಂದ ಧೂಳು ಪಾರದರ್ಶಕ ಡಬ್ಬದ ಗೋಡೆಗೆ ಬಡಿದು ಬೀಳುತ್ತದೆ. ಇಂಗ್ಲೆಂಡಿನ ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಕಟ್ಟಿ ಕಟ್ಟಿ ಇದನ್ನು ಮನೆಯ ಯಂತ್ರಕ್ಕೆ ಒಗ್ಗಿಸಿದ. ಚೀಲ ಕೊಳ್ಳುವ ಖರ್ಚಿಲ್ಲ, ತುಂಬುತ್ತ ಬಂದ ಹಾಗೆ ಹರಿವು ಕುಗ್ಗುವುದೂ ಕಡಿಮೆ. ಆದರೆ ಡಬ್ಬ ಮುಚ್ಚಳ ತೆರೆದು ಸುರಿಯುವಾಗ ಒಂದು ವಾರದ ನವುರು ಧೂಳೆಲ್ಲ ಒಂದೇ ಕ್ಷಣದಲ್ಲಿ ಮುಖಕ್ಕೆ! ಅಲರ್ಜಿಯ ಮನೆಗೆ ಬಾಯಿ ಮುಚ್ಚಿ ಹಾಗೆಯೇ ಎಸೆಯುವ ಕಾಗದದ ಚೀಲವೇ ಒಳ್ಳೆಯದು.

ಅದಕ್ಕೂ ಲೆಕ್ಕ ಹಾಕಬೇಕು. ಒಂದು ಚೀಲಕ್ಕೆ 100 ರೂಪಾಯಿ, ತಿಂಗಳಿಗೊಂದು ಎಂದಿಟ್ಟುಕೊಂಡರೆ ವರ್ಷಕ್ಕೆ 1,200. ಐದು ವರ್ಷಕ್ಕೆ 6,000. ಚೀಲದ ಬಾಬ್ತೇ ಇನ್ನೊಂದು ಯಂತ್ರದ ಬೆಲೆ. ಅಷ್ಟು ಶಕ್ತಿಯಿಲ್ಲದವರು ಒಗೆಯುವ ಬಟ್ಟೆಚೀಲದ ಜೊತೆಗೆ ನಿಜವಾದ ಹೆಪಾ ಇರುವ ಯಂತ್ರ ಕೊಂಡು, ಚೀಲವನ್ನು ದೊಡ್ಡವರೇ ಮೂಗಿಗೆ ಮಾಸ್ಕ್ ಕಟ್ಟಿ ಹಿತ್ತಲಲ್ಲಿ ಖಾಲಿಮಾಡಬಹುದು. ಚೀಲವೂ ಸೋಸುಕವೂ ಊರಿನಲ್ಲೇ ಸಿಗುತ್ತವೆಯೇ, ರಿಪೇರಿಯವರು ತಾಲ್ಲೂಕು ಕೇಂದ್ರದಲ್ಲಿ ಇದ್ದಾರೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸುವುದು ಲೇಸು. ಮಾರಿದ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ರಂಗೋಲಿ ಪುಡಿ, ವಿಭೂತಿ, ಸಿಮೆಂಟಿನ ಧೂಳು ಇವನ್ನು ಹೀರಿಸಿದರೆ ಸೋಸುಕ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಊದುಬತ್ತಿಯ ಬಿಸಿ ಬೂದಿ, ದೀಪಾವಳಿಯ ಪಟಾಕಿಯ ಚೂರು ಚೀಲಕ್ಕೆ ಬೆಂಕಿಯನ್ನೇ ಹಚ್ಚಬಹುದು. ತೊಳೆಯಬಹುದು ಎಂದು ಬರೆದಿರುವ ಸೋಸುಕವನ್ನು ಮಾತ್ರ ತೊಳೆದು, ನೆರಳಿನಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ ಹಾಕಬೇಕು.

ಯಂತ್ರ ಕೊಂಡ ಮಾತ್ರಕ್ಕೆ ಉಬ್ಬಸ ವಾಸಿಯಾಗುತ್ತದೆ ಎಂದು ಯಾವ ವೈದ್ಯರೂ ಮಾತು ಕೊಡುವುದಿಲ್ಲ. ಬದುಕಿರುವ ನುಸಿ ಎಳೆಗಳಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಗಾಳಿಗೆ ಕೀಳುವುದಿಲ್ಲ. ದಿಂಬಿನ ಗವಸು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದರೆ ಅದು ಸಾಯುತ್ತದೆ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಅಜ್ಜಿಯ ಪದ್ಧತಿಗೂ ಅರ್ಥವಿದೆ. ಒಣ ಹವೆಯಲ್ಲಿ ನುಸಿ ಉಳಿಯದು. ಯಂತ್ರ ಮಾಡುವುದು ಸತ್ತ ನುಸಿಯನ್ನೂ ಅದರ ಹಿಕ್ಕೆಯನ್ನೂ ಚರ್ಮದ ಹೊಟ್ಟನ್ನೂ ತೆಗೆದು ಹೊರೆ ಇಳಿಸುವ ಕೆಲಸ. ಮೂತಿಯನ್ನು ಪೊರಕೆಯಂತೆ ಬೀಸದೆ, ಇಸ್ತ್ರಿಪೆಟ್ಟಿಗೆಯಂತೆ ನಿಧಾನವಾಗಿ ಸರಿಸಿದರೆ ಮಾತ್ರ ಅದೂ ಸಾಧ್ಯ. ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿ ನಿಲ್ಲಿಸುವಂತಿಲ್ಲ.

ಅಂಗಡಿಯಲ್ಲಿದ್ದ ಆ ಮೂವರು 2,000 ವ್ಯಾಟಿನದನ್ನು ಬಿಟ್ಟು, ಮೂಲೆಯಲ್ಲಿದ್ದ 1,000 ವ್ಯಾಟಿನ ಯಂತ್ರಕ್ಕೆ ಕರವಸ್ತ್ರ ಹಿಡಿದು ನೋಡಿದರು. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಬೆಲೆ 5,200 ರೂಪಾಯಿ. ಉಳಿದ ಎಂಟುನೂರರಲ್ಲಿ ಐದು ಕಾಗದದ ಚೀಲ, ಐದು ಮೀಟರ್ ಮಟ್ಟದ ಕೊಳವೆ. ಈಗ ವಾರಕ್ಕೆರಡು ದಿನ, ಹುಡುಗ ಶಾಲೆಗೆ ಹೋದ ಮೇಲೆ, ತಾಯಿಯೋ ತಂದೆಯೋ ಕಿಟಕಿ ತೆರೆದು ಅವನ ಹಾಸಿಗೆ ಶುಚಿಮಾಡುತ್ತಾರೆ. ಅವನು ಮನೆಗೆ ಬರುವ ಹೊತ್ತಿಗೆ ಎದ್ದ ಧೂಳೆಲ್ಲ ಇಳಿದಿರುತ್ತದೆ. ಬೆಳಗಿನ ಸೀನು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಬಾಲ್ಕನಿಯ ಗೋಡೆಯ ಮೇಲೆ 1 ಮೀಟರ್ 90 ಸೆಂಟಿಮೀಟರಿನಲ್ಲಿ ಸೀಮೆಸುಣ್ಣದ ಗೆರೆಯೊಂದಿದೆ. ಚೀಲ ತುಂಬಿದ ಮೇಲೆ ಅದು ಎಷ್ಟಕ್ಕೆ ಇಳಿಯುತ್ತದೆ ಎಂದು ಅಳೆಯಲು ಹುಡುಗ ತಿಂಗಳ ಕೊನೆಗಾಗಿ ಕಾಯುತ್ತಿದ್ದಾನೆ.